ದೀಪ ಹಾಕದ ಮಧ್ಯಾಹ್ನ

ಇಡೀ ತೈಚುಂಗ್ ಪಟ್ಟಣದಲ್ಲಿ, ಬೇಕಾದರೆ ಇಡೀ ತೈವಾನಿನಲ್ಲಿ ಅನ್ನಿ, ನನ್ನಷ್ಟು ಪುರುಸೊತ್ತಿಲ್ಲದ ಮನುಷ್ಯ ಇನ್ನೊಬ್ಬ ಇರಲಿಲ್ಲ. ಜಂಬಕ್ಕೆ ಹೇಳುತ್ತಿಲ್ಲ; ಜಂಬ ಕೊಚ್ಚಲಿಕ್ಕೂ ನನಗೆ ಆಗ ಪುರುಸೊತ್ತಿರಲಿಲ್ಲ. ನಮ್ಮದು ಸೈಕಲ್ ಬ್ರೇಕು ಮಾಡುವ ಕಾರ್ಖಾನೆ. ಮಾಡುವವರು ಒಳಗಿನ ಮಂದಿ. ಮಾಡಿದ್ದನ್ನು ಹಡಗಿಗೆ ಹತ್ತಿಸಿ, ಹೇಳಿದ ದಿನ ಹೇಳಿದ ಊರಿಗೆ ಮುಟ್ಟಿಸುವವನು ನಾನು, ಲಾಯ್ ಪೋಜುಂಗ್. ನಾನು ಒಂದು ದಿನ ನೆಗಡಿ ಎಂದು ಮಲಗಿದರೆ ಸಾಕು, ಯೂರೋಪಿನ ಅರ್ಧ ಸೈಕಲ್ಲುಗಳು ನಿಲ್ಲಲು ಬ್ರೇಕಿಲ್ಲದೆ ನೆಟ್ಟಗೆ ಹೋಗಿ ಕಾಲುವೆಗೆ ಬೀಳುತ್ತವೆ ಎಂದು ನಂಬಿದ್ದೆ. ಹಾಗಾಗಿ ನೆಗಡಿಯನ್ನೇ ಹತ್ತಿರ ಸೇರಿಸುತ್ತಿರಲಿಲ್ಲ.

ಫೋನು ಒತ್ತಿ ಒತ್ತಿ ನನ್ನ ಎಡಗಿವಿ ರೊಟ್ಟಿಯ ಹಾಗೆ ಚಪ್ಪಟೆಯಾಗಿತ್ತು. ಸ್ನಾನಕ್ಕೆ ಹೋಗುವಾಗಲೂ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಹೋಗುತ್ತಿದ್ದೆ. ಹೆಂಡತಿ ಯುವೆಶಿಯಾಗೆ ನನ್ನಿಂದ ಏನಾದರೂ ಬೇಕಿದ್ದರೆ ಅಡುಗೆಮನೆಯಿಂದ ಫೋನಿಗೆ ಸಂದೇಶ ಕಳಿಸುತ್ತಿದ್ದಳು. ಎದುರು ಕೂತು ಹೇಳಿದ್ದು ನನ್ನ ತಲೆಗೆ ಹೋಗುವುದಿಲ್ಲ ಎಂಬುದು ಮದುವೆಯಾದ ಹೊಸದರಲ್ಲೇ ಅವಳಿಗೆ ತಿಳಿದಿತ್ತು. ಒಂದು ಭಾನುವಾರ ನಾನು ಸೋಫಾದ ಮೇಲೆ ಕೂತು ಏನೂ ಮಾಡದೆ ಇದ್ದದ್ದನ್ನು ನೋಡಿ ಅವಳು ಹೆದರಿ, ಹಣೆ ಮುಟ್ಟಿ ನೋಡಿದ್ದಳು. ನಾನು ಏನೂ ಮಾಡದೆ ಇರಲಿಲ್ಲ. ಮನಸ್ಸಿನಲ್ಲೇ ಪೆಟ್ಟಿಗೆಗಳನ್ನು ಜೋಡಿಸುತ್ತಿದ್ದೆ.

ದಣಿವಿನಲ್ಲೂ ನಾನೇ ಮೊದಲು. ಬೇರೆಯವರಿಗೆ ಕಾಲು ನೋಯುತ್ತದೆ, ಬೆನ್ನು ನೋಯುತ್ತದೆ. ನನಗೆ ಮೂಳೆಯೊಳಗೆ ಒದ್ದೆ ಮರಳು ತುಂಬಿದ ಹಾಗಿತ್ತು. ಕುರ್ಚಿಯಿಂದ ನಾನು ಎದ್ದು ನಿಂತ ಮೇಲೆ ನನ್ನ ದಣಿವು ಒಂದು ಗಳಿಗೆ ತಡೆದು ಏಳುತ್ತಿತ್ತು, ಮತ್ತೆ ನನ್ನ ಹಿಂದೆಯೇ ಕಾಲೆಳೆದುಕೊಂಡು ಬರುತ್ತಿತ್ತು. ರಾತ್ರಿ ಹಾಸಿಗೆಯ ಅರ್ಧ ಭಾಗ ಅದಕ್ಕೇ ಬೇಕಾಗುತ್ತಿತ್ತು.

ಹೀಗಿರುವಾಗ ನಮ್ಮ ಕಾರ್ಖಾನೆಗೆ ಆಗಾಗ ಬಂದು ಕೆಲಸಗಾರರ ಆರೋಗ್ಯ ನೋಡುವ ಲೇಡಿ ಡಾಕ್ಟರ್ ಚುವಾಂಗ್ ನನ್ನ ತೋಳಿಗೆ ಪಟ್ಟಿ ಸುತ್ತಿದರು. ಗಾಳಿ ತುಂಬಿದರು. ಇಳಿಸಿದರು. ಮತ್ತೆ ತುಂಬಿದರು. ಯಂತ್ರ ಕೆಟ್ಟಿದೆ ಎಂದು ಇನ್ನೊಂದು ತರಿಸಿದರು. ಅದೂ ಅದನ್ನೇ ಹೇಳಿತು. ಅಂಥ ರಕ್ತದೊತ್ತಡ ಇರುವ ಮನುಷ್ಯ ಬದುಕಿರುವುದೇ ಅಪರೂಪ ಎಂಬ ಹಾಗೆ ನನ್ನನ್ನು ನೋಡಿದರು. ನನಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯಾಯಿತು ಎಂದರೆ ಸುಳ್ಳಲ್ಲ.

“ಲಾಯ್ ಅವರೇ, ಮಾತ್ರೆ ಕೊಡ್ತೀನಿ. ಆದ್ರೆ ಬರೀ ಮಾತ್ರೆಯಿಂದ ಇದು ಇಳಿಯಲ್ಲ. ಮಧ್ಯಾಹ್ನ ಎಲ್ಲರೂ ಮಲಗ್ತಾರಲ್ಲ, ನೀವೂ ಮಲಗಿ. ನಾನು ಮುಂದಿನ ಸಲ ಬರೋ ಹೊತ್ತಿಗೆ ಇಳಿದಿಲ್ಲ ಅಂದ್ರೆ ನಿಮ್ಮನ್ನ ಈ ಕೆಲಸದಿಂದ ಬಿಡಿಸ್ಬೇಕು ಅಂತ ಬರೆದುಕೊಡ್ತೀನಿ.”

ಬಿಡಿಸಿ ಎಲ್ಲಿಗೆ ಹಾಕುತ್ತೀರಿ ಎಂದು ಕೇಳಿದೆ.

“ಹಿಂದಿನ ಉಗ್ರಾಣಕ್ಕೆ. ಅಲ್ಲಿ ಫೋನಿಲ್ಲ.”

ಅವರು ಅದನ್ನು ಸಮಾಧಾನದ ಮಾತಾಗಿ ಹೇಳಿದ್ದು. ನನಗೆ ಮರಣದಂಡನೆ ಓದಿ ಹೇಳಿದ ಹಾಗಾಯಿತು. ಉಗ್ರಾಣದಲ್ಲಿ ಹಳೆಯ ಅಚ್ಚುಗಳು, ತುಕ್ಕು ಹಿಡಿದ ಪೆಡಲುಗಳು, ಮತ್ತು ಗೋಡೆಗೆ ಒರಗಿ ನಿವೃತ್ತಿಗೆ ಕಾಯುವ ಇಬ್ಬರು ಇರುತ್ತಾರೆ. ಲಾಯ್ ಪೋಜುಂಗ್ ಅಲ್ಲಿ ಮೂರನೆಯವನಾಗಿ ಒರಗುವುದೇ? ಹಾಲೆಂಡ್ ಸುಮ್ಮನಿರುತ್ತದೆಯೇ? ಜರ್ಮನಿ ಬಿಡುತ್ತದೆಯೇ?

ಸರಿ, ಮಲಗಿಬಿಡೋಣ ಎಂದು ತೀರ್ಮಾನಿಸಿದೆ. ಹಡಗು ಹತ್ತಿಸಿದವನಿಗೆ ನಿದ್ದೆ ಹತ್ತಿಸುವುದು ಯಾವ ಲೆಕ್ಕ?

ಕಾರ್ಖಾನೆಯ ನಮ್ಮ ಆಫೀಸು ಕೋಣೆಯಲ್ಲಿ ಮಧ್ಯಾಹ್ನದ ಊಟದ ಡಬ್ಬಿಗಳನ್ನು ಮುಚ್ಚಿದ ಮೇಲೆ ತೂ ಅಕ್ಕ ಎದ್ದು ದೀಪ ಆರಿಸುತ್ತಾಳೆ. ಕೋಣೆಯಲ್ಲಿ ಎಲ್ಲರಿಗಿಂತ ಹಳಬಳು ಅವಳೇ. ಲೆಕ್ಕದ ಮೇಜು ಅವಳದು, ಗೋಡೆಯ ಸ್ವಿಚ್ಚೂ ಅವಳದೇ. ಪರದೆ ಎಳೆದು, ಮೇಜಿನಡಿಯಿಂದ ದಿಂಬು ತೆಗೆದು ಒಬ್ಬೊಬ್ಬರೂ ತಲೆ ಇಡುತ್ತಾರೆ. ಮತ್ತೆ ತೂ ಅಕ್ಕ ದೀಪ ಹಾಕಿದಾಗಲೇ ಏಳುವುದು. ಅಲ್ಲಿಯವರೆಗೆ ಎಚ್ಚರವಾದವರೂ ತಲೆ ಎತ್ತುವುದಿಲ್ಲ, ಕುರ್ಚಿ ಎಳೆಯುವುದಿಲ್ಲ. ಇದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಶಾಲೆಯ ಬೆಂಚಿನ ಮೇಲೆ ಕೆನ್ನೆಯೊತ್ತಿ ಮಲಗಿದ ಕಾಲದಿಂದ ಮೈಗೆ ಹತ್ತಿದ್ದು. ಆ ಕತ್ತಲಲ್ಲಿ ಇಷ್ಟು ವರ್ಷ ಬೆಳಗುತ್ತಿದ್ದದ್ದು ನನ್ನ ಕಂಪ್ಯೂಟರ್ ಒಂದೇ, ಸಮುದ್ರದ ದೀಪಸ್ತಂಭದ ಹಾಗೆ.

ಮಲಗುವ ಕೆಲಸಕ್ಕೆ ನಾನು ಕೈ ಹಾಕಿದ ರೀತಿಯನ್ನು ನೋಡಿ ಇಡೀ ಕೋಣೆ ಬೆರಗಾಯಿತು. ಮಡಚುವ ಮಂಚಗಳಲ್ಲೆಲ್ಲ ಉತ್ತಮವಾದ ಮಂಚ, ಒಳಗೆ ಹೊಟ್ಟು ತುಂಬಿದ ದಿಂಬು, ರಾಜಮನೆತನದವರು ಕಟ್ಟಿಕೊಳ್ಳುವಂಥ ರೇಷ್ಮೆಯ ಕಣ್ಣುಪಟ್ಟಿ, ತೆಳು ಕಂಬಳಿ. ಎಲ್ಲ ತರಿಸಿದೆ. ಮಂಚ ಬಿಡಿಸುವುದನ್ನು ಮನೆಯಲ್ಲಿ ಅಭ್ಯಾಸ ಮಾಡಿದೆ. ಯುವೆಶಿಯಾ ಬಾಗಿಲಲ್ಲಿ ನಿಂತು ನೋಡಿ, ನೀನು ನಿದ್ದೆಗೆ ಹೋಗುತ್ತಿದ್ದೀಯೋ ಯುದ್ಧಕ್ಕೋ ಎಂದು ಕೇಳಿ ಹೋದಳು.

ಮೊದಲ ದಿನ ದೀಪ ಆರಿತು. ಕಣ್ಣು ಮುಚ್ಚಿದೆ. ತಕ್ಷಣ ನನ್ನ ಎದೆ ಕೆಳಮಹಡಿಯಲ್ಲಿ ಲೋಹ ಒತ್ತುವ ಪ್ರೆಸ್ಸಿಗಿಂತ ಜೋರಾಗಿ ಬಡಿಯುವುದು ಕೇಳಿಸಿತು. ಮಂಚವೇ ಅದುರುತ್ತಿದೆ ಎನಿಸಿತು. ಒಂದು ಯುಗ ಕಳೆದ ಮೇಲೆ ಕಣ್ಣುಪಟ್ಟಿ ಎತ್ತಿ ನೋಡಿದರೆ ಗಡಿಯಾರದ ಮುಳ್ಳು ಕದಲಿಯೇ ಇರಲಿಲ್ಲ. ಸುತ್ತ ಎಲ್ಲರೂ ಬೊಂಬೆಗಳ ಹಾಗೆ ಬಿದ್ದಿದ್ದರು. ಇಷ್ಟು ಸುಲಭದ ಕೆಲಸ ಅವರಿಗೆಲ್ಲ ಬರುತ್ತದೆ, ನನಗೆ ಬರುವುದಿಲ್ಲ! ಆ ಅವಮಾನವನ್ನು ಸಹಿಸಲಾರದೆ ಗೊರಕೆ ಹೊಡೆಯತೊಡಗಿದೆ.

ಗೊರಕೆಯ ವಿಷಯದಲ್ಲಿ ನನ್ನನ್ನು ಮೀರಿಸುವವರು ಹುಟ್ಟಿಲ್ಲ. ಸುರುವಿನಲ್ಲಿ ಕೆಟಲಿನ ನೀರು ಕುದಿಯುವ ಹಾಗೆ ಸಣ್ಣದಾಗಿ ಹಿಡಿಯುತ್ತಿದ್ದೆ. ನಡುವೆ ಹಡಗಿನ ಸೈರನ್ನು. ಕೊನೆಗೆ ಒಂದು ಶಿಳ್ಳೆ. ದೀಪ ಬಂದಾಗ ಎಲ್ಲರೂ ನನ್ನ ಕಡೆ ತಿರುಗಿ, ಲಾಯ್ ಅಣ್ಣ ಮಲಗಿದ್ರು, ಲಾಯ್ ಅಣ್ಣ ಮಲಗಿದ್ರು ಎಂದು ಮದುವೆಯ ಸುದ್ದಿಯ ಹಾಗೆ ಹಂಚಿಕೊಂಡರು. ಮೈ ಮುರಿದು, ಆಕಳಿಸಿ, ಏನು ನಿದ್ದೆ ಅಂತೀರಿ ಎಂದೆ.

ಅಲ್ಲಿಂದ ಮುಂದೆ ಸಲೀಸಾಯಿತು. ಕಂಬಳಿಯನ್ನು ತಲೆಯವರೆಗೆ ಎಳೆದು, ಒಳಗೆ ಫೋನು ಹಿಡಿದು ಕೆಲಸ ಮಾಡುತ್ತಿದ್ದೆ. ಬಾಯಿಗೆ ಗೊರಕೆಯ ಪಾಳಿ, ಬೆರಳಿಗೆ ಹಡಗಿನ ಪಾಳಿ. ಜಗತ್ತಿನಲ್ಲಿ ಗೊರಕೆ ಹೊಡೆಯುತ್ತಲೇ ಹ್ಯಾಂಬರ್ಗಿಗೆ ಮಾಲು ಕಳಿಸಿದವನು ನಾನೊಬ್ಬನೇ ಇರಬೇಕು. ಆದರೆ ಒಂದು ದಿನ ನನ್ನ ಕೈಕೆಳಗಿನ ಹುಡುಗಿ ಚಿಯೆನ್ ಯೌಲಿನ್, ನಿಮ್ಮ ಕಂಬಳಿಯೊಳಗೆ ಮಿಂಚುಹುಳ ಸೇರಿಕೊಂಡಿದೆಯಾ ಲಾಯ್ ಅಣ್ಣ ಎಂದು ಕೇಳಿದಳು. ಕೇಳಿದ್ದು ನಗುತ್ತಲೇ. ನಾನೂ ನಕ್ಕೆ. ಮಾರನೆಯ ದಿನದಿಂದ ಫೋನನ್ನು ಮೇಜಿನ ಮೇಲೆ ಬಿಟ್ಟು, ಬರೀ ಗೊರಕೆ ಹೊಡೆದುಕೊಂಡು ಬಿದ್ದಿರಬೇಕಾಯಿತು. ಬೆಳಗಿನಿಂದ ಸಂಜೆಯವರೆಗೆ ಮಾಡುವ ದುಡಿಮೆಯಲ್ಲಿ ಅದಕ್ಕಿಂತ ಕಷ್ಟದ್ದು ಇನ್ನೊಂದಿರಲಿಲ್ಲ. ದೀಪ ಬರುವಷ್ಟರಲ್ಲಿ ಗಂಟಲು ಒಣಗಿ, ದವಡೆ ನೊಂದು, ಮೊದಲಿಗಿಂತ ಸುಸ್ತಾಗಿ ಏಳುತ್ತಿದ್ದೆ.

ಡಾಕ್ಟರ್ ಚುವಾಂಗ್ ಬರುವ ಹಿಂದಿನ ದಿನ.

ದೀಪ ಆರಿತು, ನಾನು ಸುರು ಹಚ್ಚಿದೆ. ಕೆಟಲು, ಸೈರನ್ನು, ಶಿಳ್ಳೆ. ಮತ್ತೆ ಕೆಟಲು. ಇಂದು ಹೊತ್ತು ಬಹಳ ನಿಧಾನ ಎನಿಸಿತು. ಸುಮ್ಮನೆ ಬಿದ್ದಿರುವವನಿಗೆ ಹೊತ್ತು ಹಾಗೆಯೇ ಎಂದು ಮುಂದುವರಿಸಿದೆ. ಇನ್ನೇನು ದೀಪ ಬರಬೇಕು ಎಂದುಕೊಂಡೆ, ಬರಲಿಲ್ಲ. ಒಂದು ಕುರ್ಚಿ ಮೆಲ್ಲಗೆ ಸರಿದ ಸದ್ದಾಯಿತು. ಯಾರೋ ತುದಿಗಾಲಲ್ಲಿ ನೀರಿನ ಹೂಜಿಯ ಕಡೆ ಹೋಗಿ ಬಂದರು. ಕೀಲಿಮಣೆಯ ಮೇಲೆ ಬೆರಳುಗಳು ಇರುವೆ ನಡೆದ ಹಾಗೆ ನಡೆಯತೊಡಗಿದವು. ಕಣ್ಣುಪಟ್ಟಿಯ ಹೊರಗೆ ಇನ್ನೂ ಕತ್ತಲೆಯೇ.

ಆಗ ಯೌಲಿನ್ ಪಿಸುಗುಟ್ಟಿದಳು, “ತೂ ಅಕ್ಕ, ದೀಪ ಹಾಕಲ್ವಾ? ಹೊತ್ತು ಮೀರಿ ಎಷ್ಟೋ ಆಯ್ತು.”

“ಹಾಕಲ್ಲ. ನಾಳೆ ಡಾಕ್ಟರಮ್ಮ ಬರ್ತಾಳೆ. ಇವತ್ತೊಂದಿನ ಹೊಟ್ಟೆ ತುಂಬ ಮಲಗ್ಲಿ. ನಾಳೆ ಮಿಷನ್ನಲ್ಲಿ ಏನಾದ್ರೂ ಇಳಿದಿದ್ರೆ ನಮ್ಮ ಜೊತೆ ಇರ್ತಾನೆ. ಇಲ್ಲ ಅಂದ್ರೆ ಉಗ್ರಾಣ.”

“ಹಾಗಾದ್ರೆ ನಾವು?”

“ಕಣ್ಣಿಲ್ವಾ ನಿಂಗೆ? ಕತ್ತಲಲ್ಲೇ ಮಾಡು.”

ನನಗೆ ಆಗಲೇ ಎದ್ದು ಕೂತುಬಿಡಬೇಕು ಎನಿಸಿತು. ಆದರೆ ಹೇಗೆ ಏಳುವುದು? ದೀಪ ಬರದೆ ಏಳುವ ಹಾಗಿಲ್ಲ. ನಾನು ಏಳದೆ ಅವರು ದೀಪ ಹಾಕುವ ಹಾಗಿಲ್ಲ. ಇಡೀ ಕೋಣೆ ನನ್ನ ಸುಳ್ಳು ಗೊರಕೆಗೆ ಪಹರೆ ಕಾಯುತ್ತಿತ್ತು. ಜನ ಸನ್ನೆಯಲ್ಲಿ ಮಾತಾಡುತ್ತಿದ್ದರು. ಕೆಳಗಿನಿಂದ ಏನೋ ಕೇಳಲು ಗದ್ದಲವಾಗಿ ಬಂದವನೊಬ್ಬನನ್ನು ತೂ ಅಕ್ಕ ಬಾಗಿಲಲ್ಲೇ ತಡೆದು, ಬಾಯಿ ಮುಚ್ಚಿಸಿ ಕಳಿಸಿದ್ದು ಕೇಳಿಸಿತು. ನಾನು ಇನ್ನಷ್ಟು ಜೋರಾಗಿ ಗೊರಕೆ ಹೊಡೆದೆ. ಮತ್ತೇನು ಮಾಡಲಿ?

ಅಷ್ಟರಲ್ಲಿ ನನ್ನ ಫೋನು ನಡುಗಿತು.

ಆ ನಡುಕವನ್ನು ನಾನು ನಿದ್ದೆಯಲ್ಲಲ್ಲ, ಗೋರಿಯಲ್ಲಿದ್ದರೂ ಗುರುತಿಸುತ್ತೇನೆ. ಹಾಲೆಂಡಿನ ಹೆಂಡ್ರಿಕ್. ಅಲ್ಲಿ ಬೆಳಗಾಗುತ್ತಲೇ ನಾಯಿಯನ್ನು ತಿರುಗಾಡಿಸುತ್ತ ನನಗೆ ಫೋನು ಮಾಡುವವನು. ರಾಟರ್‌ಡ್ಯಾಮಿಗೆ ಹೋಗಬೇಕಿದ್ದ ಮಾಲಿನ ವಿಷಯ. ನಾನೊಬ್ಬನೇ ಬಿಡಿಸಬಲ್ಲ ಗಂಟು ಅದು. ನನ್ನ ಬಲಗೈ ತಾನಾಗಿ ಕಂಬಳಿಯೊಳಗೆ ಎದ್ದಿತು. ಎಡಗೈಯಿಂದ ಅದನ್ನು ಹಿಡಿದು ಕೂರಿಸಿದೆ. ಫೋನು ಮೇಜಿನ ಮೇಲೆ ಸರಿಯುತ್ತ ಸರಿಯುತ್ತ ಅಂಚಿಗೆ ಬಂತು ಎಂದು ಕಾಣುತ್ತದೆ, ಯಾರೋ ಎತ್ತಿಕೊಂಡರು.

ಯೌಲಿನ್. ತಗ್ಗಿದ ದನಿಯಲ್ಲಿ, ಅವಳಿಗೆ ಬರುವಷ್ಟು ಇಂಗ್ಲಿಷಿನಲ್ಲಿ ಅವಳು ಹೇಳಿದ್ದನ್ನು ನಾನು ಈಗಲೂ ನೆನೆದು ಬೆವರುತ್ತೇನೆ.

“ಲಾಯ್ ಅವ್ರು ಮಲಗಿದ್ದಾರೆ.”

ನಾನು ಯಾವ ವ್ಯಾಪಾರಿಗೂ ಮೀಟಿಂಗಿನಲ್ಲಿದ್ದೇನೆ ಎಂದು ಸಹ ಹೇಳಿಸಿದವನಲ್ಲ. ಭೂಕಂಪವಾದಾಗ ಮೇಜಿನಡಿ ಕೂತು ಮಾತು ಮುಗಿಸಿದವನು. ಅಂಥ ನನ್ನನ್ನು ಈ ಹುಡುಗಿ ಮಟಮಟ ಮಧ್ಯಾಹ್ನ, ಹಾಲೆಂಡಿಗೆ ಕೇಳುವ ಹಾಗೆ, ಮಲಗಿಸಿಬಿಟ್ಟಳು. ಆಮೇಲೆ ಅವಳು ಪೆಟ್ಟಿಗೆಗಳ ಬಗ್ಗೆ ಏನೋ ಕೇಳಿದಳು, ಹಡಗಿನ ಹೆಸರು ಹೇಳಿದಳು, ಗುರುವಾರ ಎಂದಳು, ಸರಿ ಎಂದಳು, ಇಟ್ಟಳು. ಅಷ್ಟೇ. ನಾನು ಅದೇ ಮಾತನ್ನು ಮೂರು ಕಪ್ ಚಹಾ ಆರುವವರೆಗೆ ಆಡುತ್ತಿದ್ದೆ.

“ಏನಂದ?” ತೂ ಅಕ್ಕ ಕೇಳಿದಳು.

“ನಕ್ಕ. ಕಡೆಗೂ ಮಲಗಿದ್ನಾ, ಎಬ್ಬಿಸ್ಬೇಡಿ ಅಂದ.”

ಕಾಲುವೆಗೆ ಯಾರೂ ಬೀಳಲಿಲ್ಲ. ಹಾಲೆಂಡ್ ಇದ್ದಲ್ಲೇ ಇತ್ತು. ಕತ್ತಲಲ್ಲಿ ಮಲಗಿ ನಾನು ಅದಕ್ಕಾಗಿ ಕಾಯುತ್ತಿದ್ದೆ. ಏನಾದರೂ ಕುಸಿಯಲಿ, ಯಾರಾದರೂ ಓಡಿಬಂದು ನನ್ನ ಭುಜ ಹಿಡಿದು ಅಲುಗಿಸಲಿ, ನೀವಿಲ್ಲದೆ ಆಗುವುದಿಲ್ಲ ಎನ್ನಲಿ. ಯಾರೂ ಬರಲಿಲ್ಲ. ಇಷ್ಟು ವರ್ಷ ನಾನು ತಲೆಯ ಮೇಲೆ ಹೊತ್ತು ನಿಂತಿದ್ದ ಸೂರು ನಾನು ಕೈ ಬಿಟ್ಟಾಗ ಒಂದು ಕಣ ಮಣ್ಣೂ ಉದುರಿಸದೆ ತನ್ನಷ್ಟಕ್ಕೆ ನಿಂತಿತ್ತು. ಇದು ಹಗುರವೆನಿಸಬೇಕಿತ್ತು. ಎನಿಸಲಿಲ್ಲ. ಎದೆಯ ಮೇಲೆ ಯಾರೋ ಕೂತ ಹಾಗಾಯಿತು. ಗೊರಕೆಯ ಶ್ರುತಿ ತಪ್ಪಿ, ಶಿಳ್ಳೆ ಅರ್ಧಕ್ಕೆ ಮುರಿಯಿತು.

“ನಿಂತೋಯ್ತಾ?” ತೂ ಅಕ್ಕನ ದನಿ ಗಾಬರಿಯಲ್ಲಿತ್ತು.

ನಾನು ಮತ್ತೆ ಹಚ್ಚಿದೆ.

“ಇಲ್ಲ, ಬರ್ತಿದೆ. ಯೌಲಿನ್, ನೀನು ಹತ್ರ ಕೂತಿದ್ದೀಯಲ್ಲ, ಗೊರಕೆ ನಿಂತ್ರೆ ನನಗೆ ಹೇಳು.”

ಗೊರಕೆ ನಿಂತರೆ ಒಳ್ಳೆಯದೇ ಅಲ್ಲವೇ ಎಂದು ಯೌಲಿನ್ ಕೇಳಿದಳು. ಅದಕ್ಕೆ ತೂ ಅಕ್ಕ ಹೇಳಿದ್ದನ್ನು ನಾನೂ ಮೊದಲ ಸಲ ಕೇಳಿದೆ. ನಾನು ಈ ಕುರ್ಚಿಗೆ ಬರುವ ಮುಂಚೆ ಇಲ್ಲಿದ್ದವರು ಕೋ ಎಂಬವರು. ಕೆಲಸದಲ್ಲಿದ್ದಾಗಲೇ ತೀರಿಕೊಂಡರು ಎಂದಷ್ಟೇ ನನಗೆ ಗೊತ್ತಿತ್ತು. ನಾನಾಗ ಚಾಂಗ್‌ಹ್ವಾದ ಶಾಖೆಯಲ್ಲಿದ್ದೆ. ಅವರೂ ನನ್ನ ಹಾಗೆಯೇ, ಮಧ್ಯಾಹ್ನ ಮಲಗುತ್ತಿರಲಿಲ್ಲ. ಒಂದು ದಿನ ಮೇಜಿನ ಮೇಲೆ ತಲೆ ಇಟ್ಟರು. ದೀಪ ಬಂತು, ಅವರು ಏಳಲಿಲ್ಲ. ಪಾಪ, ಎಂದೂ ಮಲಗದವರು, ಮಲಗಲಿ ಎಂದು ತೂ ಅಕ್ಕನೇ ಎಲ್ಲರನ್ನೂ ಸುಮ್ಮನಿರಿಸಿ, ದೀಪವನ್ನು ಮತ್ತೆ ಆರಿಸಿದಳು. ಕೋಣೆಯವರೆಲ್ಲ ಆ ಮಧ್ಯಾಹ್ನ ಪೂರ್ತಿ ತುದಿಗಾಲಲ್ಲಿ ಓಡಾಡಿದರು.

“ಅವ್ರು ಗೊರಕೆ ಹೊಡೀತಿರ್ಲಿಲ್ಲ,” ಎಂದಳು ತೂ ಅಕ್ಕ. “ಆವತ್ತಿಂದ ದೀಪ ಹಾಕಿದ ಕೂಡ್ಲೇ ನಾನು ಮೊದ್ಲು ನೋಡೋದು ತಲೆಗಳನ್ನ. ಎಲ್ಲಾ ಎದ್ವಾ ಅಂತ. ಇವನು ಗೊರಕೆ ಹೊಡೆಯೋದು ಕೇಳಿದ್ರೆ ನಂಗೆಷ್ಟು ಸಮಾಧಾನ ಗೊತ್ತಾ.”

ಯೌಲಿನ್ ಕುರ್ಚಿಯನ್ನು ನನ್ನ ಮಂಚದ ಪಕ್ಕಕ್ಕೆ ಸರಿಸಿದ್ದು ಕೇಳಿಸಿತು.

ಈಗ ನನ್ನ ಸ್ಥಿತಿ ನೋಡಿ. ಗೊರಕೆ ನಿಲ್ಲಿಸುವ ಹಾಗಿಲ್ಲ. ನಿಲ್ಲಿಸಿದರೆ ಆ ಹೆಂಗಸಿನ ಎದೆ ಒಡೆಯುತ್ತದೆ. ಹಾಗಾಗಿ ಹೊಡೆದೆ. ಕೆಟಲು, ಸೈರನ್ನು, ಶಿಳ್ಳೆಗೆ ಉಸಿರು ಸಾಲಲಿಲ್ಲ. ಗಂಟಲಲ್ಲಿ ಮರಳುಕಾಗದ ಉಜ್ಜಿದ ಹಾಗಾಗುತ್ತಿತ್ತು. ಜೀವಮಾನದಲ್ಲಿ ನಾನು ಹೊತ್ತ ಹೊರೆಗಳಲ್ಲೆಲ್ಲ ಭಾರವಾದದ್ದು ಅದೇ ಎಂದರೂ ತಪ್ಪಿಲ್ಲ. ಮಲಗಿದಲ್ಲೇ ಬೆವರು ಹರಿಯಿತು. ದಣಿವು ಬಂದು ನನ್ನ ಪಕ್ಕದಲ್ಲಿ ಮಲಗಿತು. ಜಾಗ ಸಾಲದೆ ನನ್ನ ಮೇಲೆಯೇ ಕಾಲು ಹಾಕಿತು. ಇನ್ನೊಂದು ಸಲ, ಇನ್ನೊಂದೇ ಸಲ ಎಂದುಕೊಳ್ಳುತ್ತ ಯಾವಾಗ ನಿಲ್ಲಿಸಿದೆನೋ ಗೊತ್ತಿಲ್ಲ. ಹೊಡೆಯುವ ಶಕ್ತಿ ನಿಜವಾಗಿಯೂ ಮುಗಿದಿತ್ತು.

ಹೆಜ್ಜೆಯ ಸದ್ದಾಯಿತು. ಬಟ್ಟೆಯ ಚಪ್ಪಲಿ. ಯಾರೋ ಬಗ್ಗಿದರು. ನನ್ನ ಮೂಗಿನ ಕೆಳಗೆ ಒಂದು ಬೆರಳು ಬಂದು ನಿಂತಿತು, ಮುಟ್ಟದೆ, ಅಕ್ಕಿಕಾಳಿನಷ್ಟು ದೂರದಲ್ಲಿ. ಬೆರಳಿಗೆ ಶುಂಠಿಯ ವಾಸನೆ ಇತ್ತು.

ನನ್ನಲ್ಲಿ ಜನ ಏನೆಲ್ಲ ಹುಡುಕಿದ್ದಾರೆ. ಹಡಗಿನ ದಿನಾಂಕ, ಪೆಟ್ಟಿಗೆಯ ಅಳತೆ, ತಪ್ಪು ಯಾರದೆಂಬ ಉತ್ತರ. ಬರೀ ಉಸಿರಿಗಾಗಿ ಯಾರೂ ಹುಡುಕಿರಲಿಲ್ಲ. ನಾನು ಉಸಿರು ಬಿಟ್ಟೆ. ಮತ್ತೇನೂ ಮಾಡಬೇಕಾಗಿರಲಿಲ್ಲ.

“ಇದೆ,” ಎಂದಳು ತೂ ಅಕ್ಕ, ತನಗೆ ತಾನೇ. ಬೆರಳನ್ನು ಅವಳು ತಕ್ಷಣ ತೆಗೆಯಲಿಲ್ಲ. ಇನ್ನೊಂದು ಉಸಿರು ಬರಲಿ ಎಂದು ಕಾದಳು. ಅದೂ ಬಂತು. ಆಮೇಲಿನದು ನನಗೆ ಗೊತ್ತಿಲ್ಲ, ಏಕೆಂದರೆ ನಾನು ಮಲಗಿಬಿಟ್ಟಿದ್ದೆ.

ಎದ್ದಾಗ ಪರದೆಯ ಸಂದಿನಲ್ಲಿ ಸಂಜೆಯ ಬಿಸಿಲು ಕಿತ್ತಳೆಯ ಸಿಪ್ಪೆಯ ಬಣ್ಣಕ್ಕೆ ತಿರುಗಿತ್ತು. ಕೋಣೆಯ ಮಂದಿ ಇನ್ನೂ ಕತ್ತಲಲ್ಲೇ, ಕಂಪ್ಯೂಟರಿನ ಮಂಕು ಬೆಳಕಿಗೆ ಮುಖ ಹಿಡಿದು ಕೂತಿದ್ದರು. ನಾನು ಕಣ್ಣುಪಟ್ಟಿ ತೆಗೆದು ಎದ್ದು ಕೂತದ್ದನ್ನು ನೋಡಿ ತೂ ಅಕ್ಕ ಸ್ವಿಚ್ಚಿನ ಹತ್ತಿರ ಹೋದಳು. ಎಲ್ಲರೂ ಕಣ್ಣು ಕಿರಿದು ಮಾಡಿಕೊಂಡು ನನ್ನನ್ನೇ ನೋಡಿದರು. ಏನು ನಿದ್ದೆ ಅಂತೀರಿ ಎಂದು ಹೇಳಲು ಬಾಯಿ ತೆರೆದೆ; ದನಿ ಬರಲಿಲ್ಲ, ಗಂಟಲು ಅಷ್ಟು ಹೋಗಿತ್ತು. ಯೌಲಿನ್ ಬಿಸಿನೀರು ತಂದುಕೊಟ್ಟಳು.

ಮರುದಿನ ಡಾಕ್ಟರ್ ಚುವಾಂಗ್ ಪಟ್ಟಿ ಸುತ್ತಿದರು, ಗಾಳಿ ತುಂಬಿದರು, ಇಳಿಸಿದರು. ಒಂದು ಮಧ್ಯಾಹ್ನದ ನಿದ್ದೆಗೆ ನನ್ನಂಥವನ ರಕ್ತ ಬಗ್ಗುತ್ತದೆಯೇ? ಸ್ವಲ್ಪ ಇಳಿದಿತ್ತು, ಸಾಲುವಷ್ಟಲ್ಲ. ಅವರು ಪೆನ್ನಿನ ಮುಚ್ಚಳ ತೆಗೆದರು.

“ಮಧ್ಯಾಹ್ನ ಮಲಗ್ತಿದ್ರಾ? ನಿಮ್ಮ ಕೋಣೆಯೋರೆಲ್ಲ ನೀವು ಮಲಗ್ತೀರಿ ಅಂತ ಸಾಕ್ಷಿ ಹೇಳಿದ್ರು.”

ಸಾಕ್ಷಿ ಬಲವಾಗಿತ್ತು. ನಾನು ಹೂಂ ಎಂದಿದ್ದರೆ ಮಾತ್ರೆ ಬದಲಿಸಿ ಇನ್ನಷ್ಟು ಗಡುವು ಕೊಡುತ್ತಿದ್ದರೇನೋ. ಆದರೆ ಹೂಂ ಎನ್ನಲೂ ಒಂದು ಶಕ್ತಿ ಬೇಕು.

“ಒಂದೇ ಸಲ ಮಲಗಿದ್ದು ಡಾಕ್ಟರೇ, ನಿನ್ನೆ. ಉಳಿದಿದ್ದೆಲ್ಲ ನಾಟಕ,” ಎಂದೆ. “ಉಗ್ರಾಣಕ್ಕೆ ಹಾಕ್ಬೇಡಿ. ಹಾಲೆಂಡು, ಜರ್ಮನಿ ಎರಡನ್ನೂ ಯೌಲಿನ್‌ಗೆ ಬಿಟ್ಟುಕೊಡ್ತೀನಿ. ಮಧ್ಯಾಹ್ನದ ಫೋನೂ ಅವಳಿಗೇ.”

ಚಕ್ರವರ್ತಿಗಳು ಸೋತ ಮೇಲೆ ರಾಜ್ಯ ಬಿಟ್ಟುಕೊಡುತ್ತಾರೆ. ನಾನು ಯಾರೂ ಕೇಳುವ ಮುಂಚೆಯೇ ಎರಡು ದೇಶ ಬಿಟ್ಟೆ, ಇದನ್ನು ಚರಿತ್ರೆ ಬರೆಯುವವರು ಗಮನಿಸಬೇಕು. ವರದಿ ಬರೆಯುವಾಗ ಡಾಕ್ಟರು ಉಗ್ರಾಣದ ಹೆಸರೆತ್ತಲಿಲ್ಲ. ಮುಂದಿನ ಸಲವೂ ಇಳಿಯದಿದ್ದರೆ ಉಳಿದ ದೇಶಗಳನ್ನೂ ಕಿತ್ತುಕೊಳ್ಳುತ್ತೇನೆ ಎಂದರು.

ಆ ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿ ಮಂಚ ಬಿಡಿಸಿದೆ. ಕಂಬಳಿ ಹೊದೆಯಲಿಲ್ಲ, ಕಣ್ಣುಪಟ್ಟಿ ಕಟ್ಟಲಿಲ್ಲ. ತೂ ಅಕ್ಕ ದೀಪ ಆರಿಸಿದಳು. ಯೌಲಿನ್‌ಳ ಮೇಜಿನ ಮೇಲೆ ಫೋನು ನಡುಗಿತು; ನನ್ನ ಮೈ ಒಂದು ಮೊಳ ಮೇಲಕ್ಕೆ ಹಾರಿ ಬಿತ್ತು. ಅವಳು ಅದನ್ನು ಎತ್ತಿಕೊಂಡು ಹೊರಗೆ ಹೋದಳು. ಬಾಗಿಲು ಮುಚ್ಚಿತು. ಏನು ಮಾತಾಡುತ್ತಿದ್ದಾಳೆ ಎಂದು ಕಿವಿ ನಿಗುರಿತು, ಕೇಳಿಸಲಿಲ್ಲ. ಕೈಗಳು ಏನು ಮಾಡಬೇಕೆಂದು ತಿಳಿಯದೆ ಹೊಟ್ಟೆಯ ಮೇಲೆ ಒಂದರ ಮೇಲೊಂದು ಬಿದ್ದಿದ್ದವು. ನಿದ್ದೆಯ ಸುಳಿವೂ ಇರಲಿಲ್ಲ. ದಣಿವೊಂದೇ ಇತ್ತು, ಬಚ್ಚಿಡುವ ಕೆಲಸವಿಲ್ಲದೆ, ಇದ್ದಷ್ಟೂ.

ಕತ್ತಲಲ್ಲಿ ತೂ ಅಕ್ಕ ತಲೆ ಎತ್ತಿದ್ದು ಕಂಡಿತು.

“ಪೋಜುಂಗ್, ಸದ್ದೇ ಇಲ್ವಲ್ಲ.”

“ಎಚ್ಚರವಾಗಿದ್ದೀನಿ ಅಕ್ಕ. ನಿದ್ದೆ ಬರ್ತಿಲ್ಲ.”

ಅವಳು ದಿಂಬು ತಟ್ಟಿ ಸರಿ ಮಾಡಿಕೊಂಡಳು.

“ಬರ್ದೇ ಇದ್ರೆ ಬಿಡು. ಹಂಗೇ ಬಿದ್ಕೊಂಡಿರು,” ಎಂದು ದಿಂಬಿನ ಮೇಲೆ ಕೆನ್ನೆ ಇಟ್ಟಳು. ಬಿದ್ದುಕೊಂಡಿದ್ದೆ.